ಸಾಬ್ ಕಾರು ಮರೆಯಾದ ಬಗೆ

ನಮ್ಮ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ದೂರಪ್ರಯಾಣದ ಐರಾವತ ಬಸ್ಸುಗಳಲ್ಲಿ ಓಡಾಡಿದವರಿಗೆ ಸ್ಕ್ಯಾನಿಯಾ ಎಂಬ ಹೆಸರು ಹೊಸದಲ್ಲ. ಸ್ವೀಡನ್ ದೇಶದ ಈ ಕಂಪನಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕೆಲವು ವರ್ಷ ಬಸ್ಸುಗಳನ್ನು ತಯಾರಿಸಿದ್ದೂ ಉಂಟು. ಅದರ ಲಾಂಛನದಲ್ಲಿ ಕಿರೀಟ ಧರಿಸಿದ ಒಂದು ವಿಚಿತ್ರ ಪ್ರಾಣಿಯ ತಲೆ ಇದೆ. ಇದರ ಹೆಸರು ಗ್ರಿಫಿನ್. ಸಿಂಹದ ಮೈ, ಹದ್ದಿನ ತಲೆ. ನಮ್ಮ ಗಂಡಭೇರುಂಡದ ಹಾಗೆ ಇದೂ ಕಲ್ಪನೆಯ ಪ್ರಾಣಿಯೇ. ಸ್ವೀಡನ್ನಿನ ದಕ್ಷಿಣ ತುದಿಯ ಸ್ಕೋನೆ ಪ್ರಾಂತದ ರಾಜಲಾಂಛನದಿಂದ ಬಂದದ್ದು.

ಇದೇ ಗ್ರಿಫಿನ್ ಒಂದು ಕಾಲದಲ್ಲಿ ಕಾರೊಂದರ ಮೂತಿಯ ಮೇಲೂ ಇತ್ತು. ಆ ಕಾರಿನ ಹೆಸರು ಸಾಬ್. ವಿಮಾನ ಎಂಜಿನಿಯರುಗಳು ರೂಪಿಸಿದ ಕಾರು ಎಂದು ಅದು ಪ್ರಸಿದ್ಧವಾಗಿತ್ತು. ಟರ್ಬೊ ಎಂಜಿನ್ನನ್ನು ದಿನಬಳಕೆಯ ಕಾರಿಗೆ ಒಗ್ಗಿಸಿದ ಕೀರ್ತಿಯ ದೊಡ್ಡ ಪಾಲು ಅದರದು. ಬಿಸಿಯಾಗುವ ಸೀಟು, ದೀಪಗಳ ಗಾಜನ್ನು ಒರೆಸುವ ವೈಪರು ಇವನ್ನೆಲ್ಲ ಮೊದಮೊದಲು ತಂದವುಗಳಲ್ಲಿ ಅದೂ ಒಂದು. ಇಷ್ಟಾಗಿಯೂ 2011ರ ಡಿಸೆಂಬರ್ 19ರಂದು ಸಾಬ್ ಕಾರು ಕಂಪನಿ ದಿವಾಳಿಯಾಯಿತು.

ಬುದ್ಧಿವಂತ ಎಂಜಿನಿಯರುಗಳಿದ್ದ, ಒಳ್ಳೆಯ ಯಂತ್ರಗಳನ್ನು ಮಾಡಿದ ಕಂಪನಿಯೊಂದು ಮುಳುಗಿದ್ದು ಹೇಗೆ? ಕೊನೆಯ ಗಳಿಗೆಯಲ್ಲಿ ಹಣ ಹೂಡುತ್ತೇವೆ ಎಂದು ಮುಂದೆ ಬಂದವರಿದ್ದರೂ ಅದನ್ನು ಉಳಿಸಲಾಗಲಿಲ್ಲ ಏಕೆ? ಇದಕ್ಕೆ ಉತ್ತರ ಹುಡುಕಿದರೆ ತಂತ್ರಜ್ಞಾನವನ್ನು ನಾವು ಯಾವ ಬೆಲೆಗೆ, ಯಾವ ಷರತ್ತಿಗೆ ಎರವಲು ಪಡೆಯುತ್ತೇವೆ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ವಿಮಾನದಿಂದ ಕಾರಿಗೆ

ಸಾಬ್ ಎಂಬುದು ಒಂದು ಉದ್ದನೆಯ ಹೆಸರಿನ ಸಂಕ್ಷಿಪ್ತ ರೂಪ. ಸ್ವೀಡಿಷ್ ಭಾಷೆಯಲ್ಲಿ 'ಸ್ವೆನ್‌ಸ್ಕಾ ಏರೋಪ್ಲಾನ್ ಆಕ್ಟಿಬೊಲಾಗೆಟ್', ಅಂದರೆ ಸ್ವೀಡಿಷ್ ವಿಮಾನ ಕಂಪನಿ. ಯುರೋಪಿನಲ್ಲಿ ಯುದ್ಧದ ಕಾರ್ಮೋಡ ಕವಿಯುತ್ತಿದ್ದ 1937ರಲ್ಲಿ, ದೇಶದ ವಾಯುಪಡೆಗೆ ವಿಮಾನಗಳನ್ನು ಒದಗಿಸುವ ಉದ್ದೇಶದಿಂದ ಇದು ಸ್ಥಾಪನೆಯಾಯಿತು. ಇದರ ಒಂದು ನೆಲೆ ಟ್ರೊಲ್‌ಹೆಟ್ಟಾನ್ ಎಂಬ ಪಟ್ಟಣ. ಗೋತಾ ನದಿಯ ಜಲಪಾತಗಳಿರುವ ಈ ಊರು, ನಮ್ಮ ಶಿವನಸಮುದ್ರದಂತೆ, ಜಲವಿದ್ಯುತ್ತಿಗೆ ಹೆಸರಾದದ್ದು.

ಯುದ್ಧ ಮುಗಿಯುತ್ತಿದ್ದಂತೆ ವಿಮಾನಗಳ ಬೇಡಿಕೆ ಕುಸಿಯುವುದು ಖಚಿತವಾಗಿತ್ತು. ಕೈಕಟ್ಟಿ ಕೂರುವ ಬದಲು ಕಂಪನಿ ಸಣ್ಣ ಕಾರೊಂದನ್ನು ಮಾಡಲು ಹೊರಟಿತು. ಗುನ್ನಾರ್ ಯುಂಗ್‌ಸ್ಟ್ರೋಮ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಹದಿನಾರು ಜನರ ತಂಡ ಸಿದ್ಧವಾಯಿತು. ಕಾರಿನ ಆಕಾರವನ್ನು ರೂಪಿಸಿದವನು ಸಿಕ್ಸ್‌ಟೆನ್ ಸಾಸೋನ್. 1947ರ ಜೂನ್ 10ರಂದು ಮಾದರಿ ಕಾರನ್ನು ಪತ್ರಕರ್ತರಿಗೆ ತೋರಿಸಲಾಯಿತು.

ಅದು ವಿಮಾನದ ರೆಕ್ಕೆಯನ್ನು ಅಡ್ಡಲಾಗಿ ಸೀಳಿದಾಗ ಕಾಣುವ ಆಕಾರದಲ್ಲಿತ್ತು. ಮುಂದೆ ದುಂಡಗೆ, ಹಿಂದೆ ಕ್ರಮೇಣ ಇಳಿಜಾರು. ಗಾಳಿಯನ್ನು ಸೀಳಿಕೊಂಡು ಹೋಗುವ ವಾಹನಕ್ಕೆ ಗಾಳಿ ಎಷ್ಟು ತಡೆ ಒಡ್ಡುತ್ತದೆ ಎಂಬುದು ಅದರ ಆಕಾರವನ್ನು ಅವಲಂಬಿಸಿದೆ. ಇದನ್ನು ಅಳೆಯುವ ಸಂಖ್ಯೆಗೆ ಎಳೆತ ಗುಣಾಂಕ ಎಂದು ಹೆಸರು. ಸಂಖ್ಯೆ ಕಡಿಮೆಯಾದಷ್ಟೂ ತಡೆ ಕಡಿಮೆ, ಇಂಧನದ ಖರ್ಚೂ ಕಡಿಮೆ. ಸಾಬ್ ಮಾದರಿಯ ಎಳೆತ ಗುಣಾಂಕ ಸುಮಾರು 0.30. ಆ ಕಾಲದ ಬಹುತೇಕ ಕಾರುಗಳದು ಇದಕ್ಕಿಂತ ಬಹಳ ಹೆಚ್ಚಾಗಿತ್ತು.

1949ರ ಡಿಸೆಂಬರಿನಲ್ಲಿ ಸಾಬ್ 92 ಎಂಬ ಹೆಸರಿನಲ್ಲಿ ಕಾರಿನ ತಯಾರಿಕೆ ಆರಂಭವಾಯಿತು. ಎರಡು ಸಿಲಿಂಡರಿನ, 764 ಘನ ಸೆಂಟಿಮೀಟರ್ ಗಾತ್ರದ, 25 ಅಶ್ವಶಕ್ತಿಯ ಪುಟ್ಟ ಎಂಜಿನ್. ಮುಂದಿನ ಚಕ್ರಗಳಿಗೆ ಚಾಲನೆ. ಮೊದಲ ವರ್ಷಗಳ ಕಾರುಗಳೆಲ್ಲ ಒಂದೇ ಕಡು ಹಸಿರು ಬಣ್ಣದವು. ಹಿಂದೆ ಡಿಕ್ಕಿಗೆ ಬಾಗಿಲೂ ಇರಲಿಲ್ಲ. ಸಾಮಾನು ಇಡಬೇಕಾದರೆ ಒಳಗಿನಿಂದಲೇ ಸೀಟು ಮಡಚಿ ತುರುಕಬೇಕು! ಡಿಕ್ಕಿಯ ಬಾಗಿಲು ಬಂದದ್ದು 1953ರ ಮಾದರಿಯಲ್ಲಿ.

ಎಣ್ಣೆ ಬೆರೆಸಿದ ಪೆಟ್ರೋಲು

ಸಾಬ್ 92ರಲ್ಲಿದ್ದದ್ದು ಟೂ-ಸ್ಟ್ರೋಕ್ ಎಂಜಿನ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕನ್ನು ಓಡಿಸಿದವರಿಗೆ ಈ ಬಗೆಯ ಎಂಜಿನ್ನಿನ ಪರಿಚಯ ಇದ್ದೇ ಇರುತ್ತದೆ. ಇದರಲ್ಲಿ ಕವಾಟಗಳಿಲ್ಲ, ಬಿಡಿಭಾಗಗಳು ಕಡಿಮೆ, ಕೊರೆಯುವ ಚಳಿಯಲ್ಲೂ ಬೇಗ ಚಾಲೂ ಆಗುತ್ತದೆ. ಆದರೆ ಒಳಗಿನ ಭಾಗಗಳಿಗೆ ಎಣ್ಣೆ ಸವರುವ ಪ್ರತ್ಯೇಕ ಏರ್ಪಾಟು ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಬೇಕು.

ಇಲ್ಲೊಂದು ತೊಡಕು ಇದೆ. ಉದ್ದನೆಯ ಇಳಿಜಾರಿನಲ್ಲಿ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲು ಬರುವುದು ಕಡಿಮೆಯಾಗುತ್ತದೆ. ಪೆಟ್ರೋಲಿನೊಂದಿಗೆ ಎಣ್ಣೆಯೂ ನಿಲ್ಲುತ್ತದೆ. ಆದರೆ ಉರುಳುವ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಎಣ್ಣೆಯಿಲ್ಲದೆ ತಿರುಗುವ ಎಂಜಿನ್ ಕಚ್ಚಿಕೊಳ್ಳುತ್ತದೆ. ಇದಕ್ಕೆ ಸಾಬ್ ಎಂಜಿನಿಯರುಗಳು ಬಳಸಿದ ಉಪಾಯ ಸೈಕಲ್ಲಿನದು! ಪೆಡಲು ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ಲಿನ ಹಿಂದಿನ ಚಕ್ರ ತಿರುಗುತ್ತದೆಯಲ್ಲ, ಅದಕ್ಕೆ ಕಾರಣವಾದ ಫ್ರೀವೀಲನ್ನು ಕಾರಿನ ಗೇರು ಪೆಟ್ಟಿಗೆಗೂ ಅಳವಡಿಸಿದರು. ಇಳಿಜಾರಿನಲ್ಲಿ ಕಾರು ತನ್ನಷ್ಟಕ್ಕೆ ಉರುಳುತ್ತದೆ, ಎಂಜಿನ್ ನಿಧಾನವಾಗಿ ತಿರುಗುತ್ತಿರುತ್ತದೆ.

ಈ ಪುಟ್ಟ ಎಂಜಿನ್ನಿನ ಕಾರುಗಳು ರ‍್ಯಾಲಿ ಸ್ಪರ್ಧೆಗಳಲ್ಲಿ ದೊಡ್ಡ ಕಾರುಗಳನ್ನು ಸೋಲಿಸಿದವು. ಎರಿಕ್ ಕಾರ್ಲ್‌ಸನ್ ಎಂಬ ಚಾಲಕ ಸಾಬ್ 96ರಲ್ಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯನ್ನು 1960, 1961, 1962ರಲ್ಲಿ ಸತತ ಮೂರು ಬಾರಿ ಗೆದ್ದ. ಮಾಂಟೆ ಕಾರ್ಲೊ ರ‍್ಯಾಲಿಯನ್ನು 1962, 1963ರಲ್ಲಿ ಗೆದ್ದ.

ಆದರೆ ಟೂ-ಸ್ಟ್ರೋಕಿನ ಕಾಲ ಮುಗಿಯುತ್ತಾ ಬಂದಿತ್ತು. ಹೊಗೆ ಹೆಚ್ಚು, ಪೆಟ್ರೋಲು ಹೆಚ್ಚು. ಸಾಬ್‌ನ ಬಳಿ ತನ್ನದೇ ಆದ ಫೋರ್-ಸ್ಟ್ರೋಕ್ ಎಂಜಿನ್ ಇರಲಿಲ್ಲ. 1967ರ ಮಾದರಿಗೆ ಜರ್ಮನಿಯ ಫೋರ್ಡ್ ಕಂಪನಿಯಿಂದ ವಿ4 ಎಂಜಿನ್ನನ್ನು ಕೊಂಡು ಜೋಡಿಸಲಾಯಿತು. 1967ರ ಕೊನೆಯಲ್ಲಿ ಪ್ರದರ್ಶಿಸಿದ ಹೊಸ ಕಾರು ಸಾಬ್ 99ಕ್ಕೆ ಬ್ರಿಟನ್ನಿನ ಟ್ರಯಂಫ್ ಕಂಪನಿಯಿಂದ 1,709 ಘನ ಸೆಂಟಿಮೀಟರಿನ ಎಂಜಿನ್ ಬಂತು.

ಇದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಸಾಬ್ ಆರಂಭದಿಂದಲೂ ಎರವಲು ಪಡೆದ ಕಂಪನಿಯೇ. ಆದರೆ ಪಡೆದದ್ದನ್ನು ಹಾಗೆಯೇ ಇಟ್ಟುಕೊಳ್ಳಲಿಲ್ಲ. ಟ್ರಯಂಫ್ ಎಂಜಿನ್ನಿನ ಕುಂದುಗಳನ್ನು ತಿದ್ದಿ, ಬಹುಮಟ್ಟಿಗೆ ಹೊಸದಾಗಿ ವಿನ್ಯಾಸ ಮಾಡಿ, 1972ರಿಂದ 1,985 ಘನ ಸೆಂಟಿಮೀಟರಿನ ತನ್ನದೇ ಎಂಜಿನ್ನನ್ನು ಸ್ವೀಡನ್ನಿನಲ್ಲೇ ತಯಾರಿಸತೊಡಗಿತು. ಇದಕ್ಕೆ ಸ್ಕ್ಯಾನಿಯಾದ ನೆರವು ಸಿಕ್ಕಿತು. ಲಾರಿ, ಬಸ್ಸುಗಳ ತಯಾರಕನಾದ ಸ್ಕ್ಯಾನಿಯಾ-ವಾಬಿಸ್ ಮತ್ತು ಸಾಬ್ 1969ರಲ್ಲಿ ವಿಲೀನಗೊಂಡು ಸಾಬ್-ಸ್ಕ್ಯಾನಿಯಾ ಆಗಿದ್ದವು. ಕಾರಿಗೆ ಗ್ರಿಫಿನ್ ಲಾಂಛನ ಬಂದದ್ದು ಈ ನಂಟಿನಿಂದಲೇ.

ಎಂಜಿನ್ನಿನ ಬಡಿತಕ್ಕೆ ಕಿವಿಗೊಟ್ಟವರು

ಇದೇ ಎಂಜಿನ್ ಮುಂದೆ ಸಾಬ್‌ಗೆ ಕೀರ್ತಿ ತಂದ ಟರ್ಬೊಗೆ ಆಧಾರವಾಯಿತು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಬೇಕಾದರೆ ಹೆಚ್ಚು ಪೆಟ್ರೋಲನ್ನು ಉರಿಸಬೇಕು. ಹೆಚ್ಚು ಪೆಟ್ರೋಲು ಉರಿಯಲು ಹೆಚ್ಚು ಗಾಳಿ ಬೇಕು. ಸಿಲಿಂಡರುಗಳನ್ನು ದೊಡ್ಡದು ಮಾಡುವುದು ಒಂದು ದಾರಿ. ಇದ್ದ ಸಿಲಿಂಡರಿಗೇ ಗಾಳಿಯನ್ನು ಒತ್ತಿ ತುಂಬುವುದು ಇನ್ನೊಂದು ದಾರಿ. ಟರ್ಬೊ ಮಾಡುವುದು ಈ ಎರಡನೆಯ ಕೆಲಸವನ್ನು. ಎಂಜಿನ್ನಿನಿಂದ ರಭಸವಾಗಿ ಹೊರಬರುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತದೆ. ವ್ಯರ್ಥವಾಗಿ ಹೋಗುತ್ತಿದ್ದ ಶಕ್ತಿ ಹೀಗೆ ಕೆಲಸಕ್ಕೆ ಬರುತ್ತದೆ.

ಇದು ಸಾಬ್ ಕಂಡುಹಿಡಿದದ್ದೇನೂ ಅಲ್ಲ. ಡೀಸೆಲ್ ಲಾರಿಗಳಲ್ಲಿ ಬಳಕೆಯಲ್ಲಿತ್ತು. ಅಮೆರಿಕದಲ್ಲಿ 1962ರಷ್ಟು ಹಿಂದೆಯೇ ಟರ್ಬೊ ಇರುವ ಪೆಟ್ರೋಲ್ ಕಾರುಗಳು ಬಂದಿದ್ದವು. 1970ರ ದಶಕದಲ್ಲಿ ಬಿಎಂಡಬ್ಲ್ಯು, ಪೋರ್ಷೆ ಕಂಪನಿಗಳೂ ತಂದವು. ಆದರೆ ಅವು ವೇಗದ ಹುಚ್ಚಿನವರ ಕಾರುಗಳು. ಪೆರ್ ಗಿಲ್‌ಬ್ರಾಂಡ್ ಎಂಬ ಎಂಜಿನಿಯರನೂ ಅವನ ಸಂಗಡಿಗರೂ ಬೇರೆ ದಾರಿ ಹಿಡಿದರು. ಗರಿಷ್ಠ ವೇಗಕ್ಕಲ್ಲ, ಊರೊಳಗಿನ ಸಾಮಾನ್ಯ ವೇಗದಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕಲು ಬೇಕಾದ ಎಳೆಯುವ ಬಲಕ್ಕೆ ಟರ್ಬೊವನ್ನು ಹೊಂದಿಸಿದರು. ಪುಟ್ಟ ಟರ್ಬೊ ಬೇಗ ತಿರುಗತೊಡಗುತ್ತದೆ. ಒತ್ತಡ ಮಿತಿ ಮೀರಿದರೆ ಒಂದು ಕವಾಟ ತೆರೆದು ಹೆಚ್ಚುವರಿ ಹೊಗೆಯನ್ನು ಬೇರೆ ದಾರಿಯಲ್ಲಿ ಹೊರಗೆ ಬಿಡುತ್ತದೆ. 1977ರಲ್ಲಿ ಪ್ರದರ್ಶನಗೊಂಡ ಸಾಬ್ 99 ಟರ್ಬೊ ಎರಡು ಲೀಟರಿನ ಎಂಜಿನ್ನಿನಿಂದಲೇ 145 ಅಶ್ವಶಕ್ತಿ ಕೊಡುತ್ತಿತ್ತು.

ಟರ್ಬೊಗೆ ಒಂದು ಶತ್ರು ಇದೆ. ಗಾಳಿಯನ್ನು ಹೆಚ್ಚು ಒತ್ತಿದಾಗ ಕಿಡಿ ಹಾರಿದ ಮೇಲೆ ಕ್ರಮವಾಗಿ ಉರಿಯಬೇಕಾದ ಮಿಶ್ರಣದ ಒಂದು ಭಾಗ ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ. ಆಗ ಎಂಜಿನ್ನಿನಲ್ಲಿ ಟಣಟಣ ಬಡಿತ ಕೇಳುತ್ತದೆ. ಇದು ಮುಂದುವರಿದರೆ ಪಿಸ್ಟನ್ ಹಾಳಾಗುತ್ತದೆ. ಕಡಿಮೆ ದರ್ಜೆಯ ಪೆಟ್ರೋಲಿನಲ್ಲಿ ಈ ಕಾಟ ಹೆಚ್ಚು. 1980ರ ದಶಕದ ಆರಂಭದಲ್ಲಿ ಸಾಬ್ ಇದಕ್ಕೆ ಪರಿಹಾರ ಒದಗಿಸಿತು. ಎಂಜಿನ್ನಿಗೆ ಬಡಿತವನ್ನು ಗ್ರಹಿಸುವ ಸಂವೇದಕವನ್ನು ಅಂಟಿಸಲಾಯಿತು. ಬಡಿತದ ಸುಳಿವು ಸಿಕ್ಕ ಕೂಡಲೇ ಎಲೆಕ್ಟ್ರಾನಿಕ್ ನಿಯಂತ್ರಕ ಟರ್ಬೊ ಒತ್ತಡವನ್ನು ತಗ್ಗಿಸುತ್ತಿತ್ತು. ಯಾವ ಪೆಟ್ರೋಲು ಹಾಕಿದರೂ ಎಂಜಿನ್ ಅದಕ್ಕೆ ತಾನೇ ಹೊಂದಿಕೊಳ್ಳುತ್ತಿತ್ತು. ಇಂದಿನ ಟರ್ಬೊ ಪೆಟ್ರೋಲ್ ಕಾರುಗಳಲ್ಲೂ ಬಡಿತವನ್ನು ಆಲಿಸುವ ಇಂಥ ಏರ್ಪಾಟು ಇದ್ದೇ ಇದೆ.

ಸುರಕ್ಷತೆಯಲ್ಲೂ ಸಾಬ್ ಹಿಂದೆ ಬಿದ್ದಿರಲಿಲ್ಲ. ದೀಪಗಳಿಗೆ ವೈಪರು 1970ರಲ್ಲಿ, ಬಿಸಿಯಾಗುವ ಚಾಲಕನ ಸೀಟು 1971ರಲ್ಲಿ, ಬಾಗಿಲುಗಳೊಳಗೆ ಉಕ್ಕಿನ ಅಡ್ಡಪಟ್ಟಿ 1972ರಲ್ಲಿ ಬಂದವು. ಸಾಬ್ 99ರಿಂದ ಮುಂದೆ ಕೀಲಿ ತಿರುಗಿಸುವ ಜಾಗ ಸ್ಟೀರಿಂಗಿನ ಬಳಿ ಇರದೆ ಎರಡು ಸೀಟುಗಳ ನಡುವೆ ಇರುತ್ತಿತ್ತು. ಅಪಘಾತವಾದಾಗ ಚಾಲಕನ ಮಂಡಿಗೆ ಕೀಲಿ ಚುಚ್ಚಬಾರದು ಎಂಬುದು ಅದರ ಒಂದು ಅನುಕೂಲ. ಇದು ಸಾಬ್‌ನ ಗುರುತೇ ಆಗಿಹೋಯಿತು.

ಸಣ್ಣ ಕಂಪನಿಯ ಲೆಕ್ಕಾಚಾರ

ಹಾಗಾದರೆ ತೊಂದರೆ ಎಲ್ಲಿತ್ತು? ಸಂಖ್ಯೆಯಲ್ಲಿ. ಸಾಬ್ ತನ್ನ ಇಡೀ ಚರಿತ್ರೆಯಲ್ಲಿ ಒಂದು ವರ್ಷಕ್ಕೆ ಮಾರಿದ ಕಾರುಗಳು ಒಂದೂವರೆ ಲಕ್ಷವನ್ನು ಮುಟ್ಟಲಿಲ್ಲ.

ಒಂದು ಸರಳ ಲೆಕ್ಕ ಮಾಡಿ ನೋಡೋಣ. ಹೊಸ ಕಾರಿನ ಮಾದರಿಯೊಂದನ್ನು ರೂಪಿಸಲು 6,000 ಕೋಟಿ ರೂಪಾಯಿ ಬೇಕು ಎಂದುಕೊಳ್ಳಿ. ಆ ಮಾದರಿ ಆರು ವರ್ಷ ಮಾರುಕಟ್ಟೆಯಲ್ಲಿರುತ್ತದೆ. ವರ್ಷಕ್ಕೆ ಒಂದು ಲಕ್ಷ ಕಾರು ಮಾರುವ ಕಂಪನಿಗೆ ಒಟ್ಟು ಆರು ಲಕ್ಷ ಕಾರುಗಳಾದವು. ಪ್ರತಿ ಕಾರಿನ ಮೇಲೆ ವಿನ್ಯಾಸದ ಖರ್ಚು ಒಂದು ಲಕ್ಷ ರೂಪಾಯಿ. ಅದರ ಆರು ಪಟ್ಟು ಮಾರುವ ಕಂಪನಿಗೆ ಅದೇ ಖರ್ಚು ಪ್ರತಿ ಕಾರಿಗೆ 17,000 ರೂಪಾಯಿಗಿಂತ ಕಡಿಮೆ. ಎಂಜಿನಿಯರುಗಳು ಎಷ್ಟೇ ಜಾಣರಾದರೂ ಈ ಅಂತರವನ್ನು ತುಂಬುವುದು ಕಷ್ಟ. (ಇಲ್ಲಿಯ ಅಂಕಿಗಳು ಕೇವಲ ಉದಾಹರಣೆಗಾಗಿ.)

ಪರಿಣಾಮವಾಗಿ ಸಾಬ್‌ಗೆ ಹೊಸ ಮಾದರಿಗಳನ್ನು ಬೇಗಬೇಗ ತರಲಾಗುತ್ತಿರಲಿಲ್ಲ. 1978ರಲ್ಲಿ ಬಂದ ಸಾಬ್ 900 ಹದಿನೈದು ವರ್ಷ ನಡೆಯಿತು. ಅದೂ 99ರ ವಿಸ್ತರಿಸಿದ ರೂಪವೇ. 1984ರ ಸಾಬ್ 9000ದ ಬುಡವನ್ನು ಇಟಲಿಯ ಫಿಯಟ್, ಲಾನ್ಸಿಯ ಕಂಪನಿಗಳ ಜೊತೆ ಹಂಚಿಕೊಂಡು ರೂಪಿಸಬೇಕಾಯಿತು. 1980ರ ದಶಕದಲ್ಲಿ ಅಮೆರಿಕದ ವೈದ್ಯರು, ಪ್ರಾಧ್ಯಾಪಕರು, ವಾಸ್ತುಶಿಲ್ಪಿಗಳು ಸಾಬ್ ಕಾರನ್ನು ಮೆಚ್ಚಿ ಕೊಳ್ಳುತ್ತಿದ್ದರು. ಆ ದಶಕದ ಕೊನೆಗೆ ಡಾಲರಿನ ಬೆಲೆ ಇಳಿದಾಗ ಅಲ್ಲಿಯ ವ್ಯಾಪಾರವೂ ಕುಸಿಯಿತು. ಇದೇ ಹೊತ್ತಿಗೆ, 1989ರಲ್ಲಿ, ಮಾಲ್ಮೋ ನಗರದಲ್ಲಿ ಹೊಸ ಕಾರ್ಖಾನೆ ತೆರೆದು 1991ರಲ್ಲೇ ಮುಚ್ಚಬೇಕಾಯಿತು.

ಒಡೆಯ ಬದಲಾದ

1989ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 60 ಕೋಟಿ ಡಾಲರಿಗೆ ಸಾಬ್ ಕಾರು ವಿಭಾಗದ ಅರ್ಧ ಪಾಲನ್ನು ಕೊಂಡಿತು. ಉಳಿದರ್ಧವನ್ನು 2000ದಲ್ಲಿ 12.5 ಕೋಟಿ ಡಾಲರಿಗೆ ಕೊಂಡಿತು. ವಿಮಾನ ತಯಾರಿಸುವ ಸಾಬ್ ಕಂಪನಿ ಬೇರೆಯಾಗಿಯೇ ಉಳಿಯಿತು. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಹಾರಾಟ ನಡೆಸಿದ ಗ್ರಿಪೆನ್ ಯುದ್ಧವಿಮಾನ ಆ ಕಂಪನಿಯದು.

ಜನರಲ್ ಮೋಟಾರ್ಸ್ ಬಂದದ್ದರಿಂದ ಮೇಲಿನ ಲೆಕ್ಕಾಚಾರಕ್ಕೆ ಪರಿಹಾರ ಸಿಕ್ಕಂತೆ ಕಂಡಿತು. ಅದರ ಕೈಯಲ್ಲಿ ಜರ್ಮನಿಯ ಒಪೆಲ್ ಕಂಪನಿ ಇತ್ತು. ಒಪೆಲ್ ಕಾರಿನ ಪ್ಲಾಟ್‌ಫಾರ್ಮನ್ನೇ, ಅಂದರೆ ನೆಲಗಟ್ಟು, ತೂಗುವ್ಯವಸ್ಥೆ, ಎಂಜಿನ್ ಕೂರುವ ಜಾಗ ಇವನ್ನೆಲ್ಲ ಒಳಗೊಂಡ ಕಾರಿನ ಬುಡವನ್ನೇ, ಸಾಬ್ ಬಳಸಿದರೆ ವಿನ್ಯಾಸದ ಖರ್ಚು ಉಳಿಯುತ್ತದೆ. ಹೊಸ ಸಾಬ್ 900 ಹೀಗೆ ಒಪೆಲ್ ವೆಕ್ಟ್ರಾದ ಬುಡದ ಮೇಲೆ 1993ರಲ್ಲಿ ಹೊರಬಂತು.

ಸಾಬ್ ಎಂಜಿನಿಯರುಗಳು ಆಗಲೂ ಸುಮ್ಮನಿರಲಿಲ್ಲ. 1997ರ ಸಾಬ್ 9-5 ಕಾರಿನಲ್ಲಿ ಹೊಸ ಬಗೆಯ ತಲೆಯೊರಗು ಇತ್ತು. ಹಿಂದಿನಿಂದ ವಾಹನ ಗುದ್ದಿದಾಗ ಕೂತವರ ಬೆನ್ನು ಸೀಟಿಗೆ ಒತ್ತುತ್ತದೆ. ಆ ಒತ್ತಡದಿಂದಲೇ ಒಂದು ಸನ್ನೆ ತಲೆಯೊರಗನ್ನು ಮುಂದಕ್ಕೂ ಮೇಲಕ್ಕೂ ತಂದು ಕುತ್ತಿಗೆ ಉಳುಕದಂತೆ ಕಾಪಾಡುತ್ತದೆ. ವಿದ್ಯುತ್ತು ಬೇಡ, ಸಂವೇದಕ ಬೇಡ, ಪೆಟ್ಟು ತಿಂದವರ ತೂಕವೇ ಸಾಕು.

2000ದಲ್ಲಿ ಜಿನೀವಾ ಪ್ರದರ್ಶನದಲ್ಲಿ ಸಾಬ್ ಇನ್ನೂ ದೊಡ್ಡ ಅಚ್ಚರಿಯನ್ನು ಮುಂದಿಟ್ಟಿತು. ಪಿಸ್ಟನ್ ಕೆಳತುದಿಯಲ್ಲಿದ್ದಾಗ ಸಿಲಿಂಡರಿನೊಳಗೆ ಇರುವ ಜಾಗಕ್ಕೂ ಮೇಲ್ತುದಿಯಲ್ಲಿದ್ದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣವನ್ನು ಸಂಪೀಡನ ಅನುಪಾತ ಎನ್ನುತ್ತಾರೆ. ಇದು ಹೆಚ್ಚಿದ್ದರೆ ಇಂಧನ ಉಳಿಯುತ್ತದೆ, ಆದರೆ ಭಾರ ಎಳೆಯುವಾಗ ಬಡಿತ ಬರುತ್ತದೆ. ಕಡಿಮೆಯಿದ್ದರೆ ಬಡಿತ ಇಲ್ಲ, ಆದರೆ ಇಂಧನ ಹೆಚ್ಚು. ಎಂಜಿನ್ ತಯಾರಾದ ಮೇಲೆ ಈ ಅನುಪಾತ ಬದಲಾಗದು. ಬದಲಾಗುವಂತೆ ಮಾಡಿದರೆ? ಸಾಬ್ ತನ್ನ 1.6 ಲೀಟರಿನ ಐದು ಸಿಲಿಂಡರ್ ಎಂಜಿನ್ನಿನ ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕೆ ಕೀಲಿನಿಂದ ಜೋಡಿಸಿತು. ಮೇಲಿನ ಅರ್ಧ ನಾಲ್ಕು ಡಿಗ್ರಿಯಷ್ಟು ವಾಲುತ್ತಿತ್ತು. ಅಷ್ಟರಿಂದಲೇ ಅನುಪಾತ 14:1ರಿಂದ 8:1ರವರೆಗೆ ಬದಲಾಗುತ್ತಿತ್ತು. ಶಕ್ತಿ 225 ಅಶ್ವಶಕ್ತಿ.

ಈ ಎಂಜಿನ್ ಮಾರುಕಟ್ಟೆಗೆ ಬರಲೇ ಇಲ್ಲ. ಅದೇ ವರ್ಷ ಜನರಲ್ ಮೋಟಾರ್ಸ್ ಪೂರ್ಣ ಒಡೆಯನಾಗಿತ್ತು. ಯೋಜನೆ ಮುಂದುವರಿಯಲಿಲ್ಲ. ಸಂಪೀಡನ ಅನುಪಾತ ಬದಲಾಗುವ ಎಂಜಿನ್ನಿನ ಕಾರು ಜನರ ಕೈಗೆ ಬಂದದ್ದು 2018ರಲ್ಲಿ, ಜಪಾನಿನ ನಿಸ್ಸಾನ್ ಕಂಪನಿಯಿಂದ. ಅದರ ಯಂತ್ರರಚನೆ ಬೇರೆ. ಆದರೆ ಅನುಪಾತದ ವ್ಯಾಪ್ತಿ ಅದೇ 8:1ರಿಂದ 14:1.

ಇದಕ್ಕೆ ಬದಲಾಗಿ ಸಾಬ್‌ನ ಅಂಗಡಿಗೆ ಬಂದ ಕಾರುಗಳು ಯಾವುವು? 2004ರ 9-2ಎಕ್ಸ್, ಜಪಾನಿನ ಸುಬಾರು ಇಂಪ್ರೆಜಾ ಕಾರಿನ ಮೂತಿ ಬದಲಿಸಿದ ರೂಪ. ಅಮೆರಿಕದಲ್ಲಿ ಜನ ಅದನ್ನು 'ಸಾಬಾರು' ಎಂದು ಗೇಲಿ ಮಾಡಿದರು. 2005ರ ಮಾದರಿಯಾಗಿ ಬಂದ 9-7ಎಕ್ಸ್, ಷೆವರ್ಲೆ ಟ್ರೈಲ್‌ಬ್ಲೇಜರ್ ಎಂಬ ಅಮೆರಿಕದ ಭಾರಿ ವಾಹನದ ಇನ್ನೊಂದು ರೂಪ. ಅದು ಸಾಬ್ ಎಂದು ಕಾಣಲೆಂದು ಕೀಲಿಯ ಜಾಗವನ್ನು ಸೀಟುಗಳ ನಡುವೆ ತಂದಿದ್ದರು! ಹಳೆಯ ಗ್ರಾಹಕರು ಇದರಿಂದ ತೃಪ್ತರಾಗಲಿಲ್ಲ. ಇತ್ತ 1997ರ 9-5 ಹನ್ನೆರಡು ವರ್ಷಗಳ ಕಾಲ ಬದಲಿ ಇಲ್ಲದೆ ಎಳೆಯಿತು.

ಆದರೂ ಎಲ್ಲ ತಪ್ಪನ್ನೂ ಜನರಲ್ ಮೋಟಾರ್ಸ್ ಮೇಲೆ ಹೊರಿಸುವುದು ನ್ಯಾಯವಲ್ಲ. ಅದರ ಒಡೆತನದ ಇಪ್ಪತ್ತು ವರ್ಷಗಳಲ್ಲಿ ಹೆಚ್ಚಿನವು ಸಾಬ್‌ಗೆ ನಷ್ಟದ ವರ್ಷಗಳು. ಆ ನಷ್ಟವನ್ನು ತುಂಬಿದ್ದು ಅಮೆರಿಕದ ಕಂಪನಿಯೇ. ಅದು ಬರದಿದ್ದರೆ ಸಾಬ್ 1990ರಲ್ಲೇ ಮುಚ್ಚುತ್ತಿತ್ತೇನೋ. 2006ರಲ್ಲಿ ಸಾಬ್ ಸುಮಾರು 1,33,000 ಕಾರುಗಳನ್ನು ಮಾರಿತು. ಅದೇ ಅದರ ಅತ್ಯುತ್ತಮ ವರ್ಷಗಳಲ್ಲೊಂದು.

ಕೀಲಿ ಯಾರ ಕೈಯಲ್ಲಿತ್ತು?

2008ರಲ್ಲಿ ಜಗತ್ತಿನ ಆರ್ಥಿಕತೆ ಕುಸಿಯಿತು. ಜನರಲ್ ಮೋಟಾರ್ಸ್ ಕಂಪನಿಯೇ 2009ರ ಜೂನಿನಲ್ಲಿ ದಿವಾಳಿ ರಕ್ಷಣೆ ಕೋರಿತು. ಸಾಬ್‌ಗೆ ಕೊಳ್ಳುವವರನ್ನು ಹುಡುಕಲಾಯಿತು. ಸ್ವೀಡನ್ ಸರ್ಕಾರ ಕಾರು ಕಾರ್ಖಾನೆಯ ಒಡೆತನ ತನಗೆ ಬೇಡ ಎಂದು ಮೊದಲೇ ಸ್ಪಷ್ಟಪಡಿಸಿತ್ತು. ಕೊನಿಗ್‌ಸೆಗ್ ಎಂಬ ಪುಟ್ಟ ಸ್ವೀಡಿಷ್ ಕಂಪನಿ ಮುಂದೆ ಬಂದು ನವೆಂಬರಿನಲ್ಲಿ ಹಿಂದೆ ಸರಿಯಿತು.

ಡಿಸೆಂಬರಿನಲ್ಲಿ ನಡೆದ ಒಂದು ವ್ಯವಹಾರ ಬಹಳ ಮುಖ್ಯವಾದದ್ದು. ಹಳೆಯ 9-3 ಮತ್ತು 9-5 ಕಾರುಗಳ ತಂತ್ರಜ್ಞಾನ, ಕೆಲವು ಎಂಜಿನ್ ಮತ್ತು ಗೇರು ಪೆಟ್ಟಿಗೆಗಳ ಹಕ್ಕುಗಳನ್ನು ಚೀನಾದ ಬೀಜಿಂಗ್ ಆಟೊಮೋಟಿವ್ ಕಂಪನಿಗೆ ಸುಮಾರು 20 ಕೋಟಿ ಡಾಲರಿಗೆ ಮಾರಲಾಯಿತು. ಕಂಪನಿ ಇನ್ನೂ ಮಾರಾಟವಾಗಿರಲಿಲ್ಲ, ಅದರ ವಿದ್ಯೆ ಮಾರಾಟವಾಗಿತ್ತು! 2010ರ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ಪೈಕರ್ ಎಂಬ ಸಣ್ಣ ಕ್ರೀಡಾ ಕಾರು ಕಂಪನಿ ಸಾಬ್ ಅನ್ನು ಕೊಂಡಿತು. ನಗದು 7.4 ಕೋಟಿ ಡಾಲರ್. ಜೊತೆಗೆ 32 ಕೋಟಿ ಡಾಲರ್ ಮೌಲ್ಯದ ಆದ್ಯತಾ ಷೇರುಗಳು ಜನರಲ್ ಮೋಟಾರ್ಸ್ ಬಳಿ ಉಳಿದವು. ಸ್ವೀಡನ್ ಸರ್ಕಾರದ ಖಾತರಿಯ ಮೇಲೆ ಯುರೋಪಿನ ಹೂಡಿಕೆ ಬ್ಯಾಂಕು 40 ಕೋಟಿ ಯೂರೊವರೆಗೆ ಸಾಲ ಒಪ್ಪಿತು.

ಹೊಸ 9-5 ಬಂತು. ಆದರೆ ಅದರ ಬುಡ ಜನರಲ್ ಮೋಟಾರ್ಸ್‌ನದು. ಹೊಸ 9-4ಎಕ್ಸ್ ತಯಾರಾಗುತ್ತಿದ್ದುದು ಮೆಕ್ಸಿಕೊದಲ್ಲಿ, ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ. 2010ರಲ್ಲಿ ತಯಾರಾದ ಸಾಬ್ ಕಾರುಗಳು ಸುಮಾರು 32,000 ಮಾತ್ರ. 2011ರ ಮಾರ್ಚ್ ಕೊನೆಯಲ್ಲಿ ಬಾಕಿ ಹಣ ಸಿಗದ ಬಿಡಿಭಾಗ ಪೂರೈಕೆದಾರರು ಸರಕು ನಿಲ್ಲಿಸಿದರು. ಕಾರ್ಖಾನೆ ಏಪ್ರಿಲಿನಲ್ಲಿ ನಿಂತಿತು. ಮೇ ಕೊನೆಯಲ್ಲಿ ಕೆಲವು ದಿನ ನಡೆದು ಜೂನಿನಲ್ಲಿ ಮತ್ತೆ ನಿಂತಿತು. ಆ ಬೇಸಗೆಯಿಂದ ಸಂಬಳ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಸುಮಾರು 55,000 ಜನಸಂಖ್ಯೆಯ ಟ್ರೊಲ್‌ಹೆಟ್ಟಾನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಆ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದರು. ಪೂರೈಕೆದಾರರ ಕಡೆಯ ಕೆಲಸಗಾರರು ಇದಕ್ಕೆ ಹೊರತು.

ಆಗ ಚೀನಾದ ಯಂಗ್‌ಮನ್ ಮತ್ತು ಪಾಂಗ್ ಡಾ ಕಂಪನಿಗಳು ಹಣ ಹೂಡಲು ಮುಂದಾದವು. ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಪ್ರತಿ ಬಾರಿಯೂ ಅದು ಒಂದೇ ಬಾಗಿಲ ಮುಂದೆ ನಿಂತಿತು. ಸಾಬ್ ಚೀನೀ ಕಂಪನಿಯ ವಶವಾದರೆ ತನ್ನ ತಂತ್ರಜ್ಞಾನದ ಪರವಾನಗಿ ಮುಂದುವರಿಸುವುದಿಲ್ಲ ಎಂದು ಜನರಲ್ ಮೋಟಾರ್ಸ್ ಹೇಳಿತು. ಚೀನಾ ಅದಕ್ಕೆ ದೊಡ್ಡ ಮಾರುಕಟ್ಟೆ. ತನ್ನದೇ ಬುಡದ ಕಾರು ಅಲ್ಲಿ ತನಗೇ ಎದುರಾಳಿಯಾಗಿ ನಿಲ್ಲುವುದನ್ನು ಅದು ಒಪ್ಪುವುದಾದರೂ ಹೇಗೆ? ವ್ಯಾಪಾರದ ದೃಷ್ಟಿಯಿಂದ ಅದು ಅಸಹಜ ನಿಲುವೇನಲ್ಲ. ಪರವಾನಗಿ ಇಲ್ಲದಿದ್ದರೆ ಸಾಬ್ ಬಳಿ ಕಟ್ಟಡ, ಯಂತ್ರಗಳು, ನುರಿತ ಕೈಗಳು ಇದ್ದರೂ ಮಾಡಲು ಕಾರೇ ಇರಲಿಲ್ಲ. ಡಿಸೆಂಬರ್ 17ರ ವೇಳೆಗೆ ಜನರಲ್ ಮೋಟಾರ್ಸ್ ಕೊನೆಯ ಪ್ರಸ್ತಾವವನ್ನೂ ತಿರಸ್ಕರಿಸಿತು. ಡಿಸೆಂಬರ್ 19ರ ಸೋಮವಾರ ಕಂಪನಿಯೇ ದಿವಾಳಿ ಅರ್ಜಿ ಸಲ್ಲಿಸಿತು.

ತನ್ನದೇ ಆದ ಹೊಸ ಪ್ಲಾಟ್‌ಫಾರ್ಮನ್ನು ಸಾಬ್ ಆಗ ರೂಪಿಸುತ್ತಿತ್ತು. ಅದಕ್ಕೆ ಇಟ್ಟ ಹೆಸರು ಫೀನಿಕ್ಸ್. ಬೂದಿಯಿಂದ ಎದ್ದುಬರುವ ಹಕ್ಕಿ. ಅದು ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಪಕ್ಕದ ಊರಿನ ಹೋಲಿಕೆ

ಟ್ರೊಲ್‌ಹೆಟ್ಟಾನಿನಿಂದ ಹೆಚ್ಚು ದೂರವಿಲ್ಲದ ಗೋಥೆನ್‌ಬರ್ಗ್ ನಗರದಲ್ಲಿ ಸ್ವೀಡನ್ನಿನ ಇನ್ನೊಂದು ಕಾರು ಕಂಪನಿ ಇದೆ. ಅದು ವೋಲ್ವೊ. (ಬಸ್ಸು, ಲಾರಿಗಳ ವೋಲ್ವೊ ಬೇರೆ, 1999ರಿಂದ ಎರಡೂ ಪ್ರತ್ಯೇಕ.) ಅದನ್ನೂ 1999ರಲ್ಲಿ ಅಮೆರಿಕದ ಕಂಪನಿ ಫೋರ್ಡ್ ಕೊಂಡಿತ್ತು. ಅದನ್ನೂ 2010ರಲ್ಲಿ ಮಾರಲಾಯಿತು, ಕೊಂಡದ್ದು ಚೀನಾದ ಗೀಲಿ ಕಂಪನಿ. ಆದರೆ ವೋಲ್ವೊ ಉಳಿಯಿತು. ಹೊಸಕೋಟೆಯಲ್ಲಿ 2017ರಿಂದ ಅದರ ಕಾರುಗಳ ಜೋಡಣೆಯೂ ನಡೆಯಿತು.

ಎರಡಕ್ಕೂ ವ್ಯತ್ಯಾಸ ಏನು? ಒಂದು, ವೋಲ್ವೊ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಕಾರು ಮಾರುತ್ತಿತ್ತು. ಎರಡು, ಮಾರಾಟದ ಒಪ್ಪಂದದಲ್ಲೇ ತಂತ್ರಜ್ಞಾನದ ಹಕ್ಕುಗಳ ಪ್ರಶ್ನೆ ಇತ್ಯರ್ಥವಾಗಿತ್ತು. ತಾನು ಕಟ್ಟುತ್ತಿದ್ದ ಕಾರುಗಳನ್ನು ಕಟ್ಟುತ್ತಲೇ ಇರುವ ಹಕ್ಕು ವೋಲ್ವೊಗೆ ಇತ್ತು. ಆ ಬಿಡುವಿನಲ್ಲಿ ಅದು ತನ್ನದೇ ಪ್ಲಾಟ್‌ಫಾರ್ಮನ್ನು ರೂಪಿಸಿಕೊಂಡು 2014ರಲ್ಲಿ ಹೊಸ ಎಕ್ಸ್‌ಸಿ90 ಕಾರನ್ನು ಹೊರತಂದಿತು. ಸಾಬ್‌ಗೆ ಸಿಗದೆ ಹೋದದ್ದು ಈ ಬಿಡುವೇ.

ಅನಂತರ

2012ರಲ್ಲಿ ಸಾಬ್ ಕಾರ್ಖಾನೆಯನ್ನು ನೆವ್ಸ್ ಎಂಬ ಹೊಸ ಕಂಪನಿ ಕೊಂಡಿತು. ವಿದ್ಯುತ್ ಕಾರು ಮಾಡುವುದು ಅದರ ಗುರಿ. ಫೀನಿಕ್ಸ್ ಮತ್ತು ಹಳೆಯ 9-3 ಅದಕ್ಕೆ ಸಿಕ್ಕವು. ಹೊಸ 9-5, 9-4ಎಕ್ಸ್ ಸಿಗಲಿಲ್ಲ. ಸಾಬ್ ಎಂಬ ಹೆಸರನ್ನು ಬಳಸಲು ವಿಮಾನ ಕಂಪನಿ ಒಪ್ಪಿತು. ಆದರೆ ಗ್ರಿಫಿನ್ ಲಾಂಛನ ಸ್ಕ್ಯಾನಿಯಾದ್ದು, ಅದು ಸಿಗಲಿಲ್ಲ. 2013ರ ಡಿಸೆಂಬರಿನಲ್ಲಿ 9-3 ಪೆಟ್ರೋಲ್ ಕಾರಿನ ತಯಾರಿಕೆ ಮತ್ತೆ ಆರಂಭವಾಗಿ 2014ರ ಮೇ ತಿಂಗಳಲ್ಲಿ ಹಣವಿಲ್ಲದೆ ನಿಂತಿತು. ಆ ವರ್ಷವೇ ಹೆಸರಿನ ಹಕ್ಕೂ ಹೋಯಿತು. ಅಲ್ಲಿಗೆ ಸಾಬ್ ಕಾರಿನ ಕಥೆ ಮುಗಿಯಿತು. 2023ರ ಮಾರ್ಚಿನಲ್ಲಿ ನೆವ್ಸ್ ಕೂಡ ಬಹುತೇಕ ಎಲ್ಲ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು.

ಇನ್ನೊಂದು ಸ್ವಾರಸ್ಯ. ಕಾರು ಕಾರ್ಖಾನೆ ತನಗೆ ಬೇಡವೆಂದಿದ್ದ ಸ್ವೀಡನ್ ಸರ್ಕಾರಕ್ಕೆ, ಸಾಲಕ್ಕೆ ಕೊಟ್ಟ ಖಾತರಿಯಿಂದಾಗಿ, 2012ರಲ್ಲಿ ಸಾಬ್ ಬಿಡಿಭಾಗಗಳ ಕಂಪನಿಯ ಒಡೆತನ ಬಂತು! ರಸ್ತೆಯಲ್ಲಿ ಉಳಿದ ಹಳೆಯ ಸಾಬ್ ಕಾರುಗಳಿಗೆ ಇದರಿಂದ ಅನುಕೂಲವೇ ಆಯಿತು.

ಟ್ರೊಲ್‌ಹೆಟ್ಟಾನಿನ ಸಾಬ್ ಕಾರು ವಸ್ತುಸಂಗ್ರಹಾಲಯವನ್ನೂ ದಿವಾಳಿಯ ಬಳಿಕ ಮಾರಾಟಕ್ಕೆ ಇಡಲಾಗಿತ್ತು. ಪಟ್ಟಣದ ಆಡಳಿತ, ವಿಮಾನ ತಯಾರಿಸುವ ಸಾಬ್ ಮತ್ತು ವಾಲೆನ್‌ಬರ್ಗ್ ಮನೆತನದ ಪ್ರತಿಷ್ಠಾನವೊಂದು ಒಟ್ಟಾಗಿ ಅದನ್ನು ಕೊಂಡು ಉಳಿಸಿದವು. ಹದಿನಾರು ಜನರ ತಂಡ ಕಟ್ಟಿದ ಆ ಮೊದಲ ಮಾದರಿ, ರೆಕ್ಕೆಯಾಕಾರದ ಕಾರು, ಊರಿನಲ್ಲೇ ಉಳಿಯಿತು.

ಈ ಕಥೆಯಿಂದ ತಿಳಿಯುವುದೇನು? ತಂತ್ರಜ್ಞಾನವನ್ನು ಹೊರಗಿನಿಂದ ಪಡೆಯುವುದು ತಪ್ಪಲ್ಲ. ಸಾಬ್ ಬೆಳೆದದ್ದೇ ಹಾಗೆ. ಟ್ರಯಂಫ್‌ನ ಎಂಜಿನ್ನನ್ನು ಪಡೆದು, ಬಿಚ್ಚಿ, ತಿದ್ದಿ, ತನ್ನದಾಗಿಸಿಕೊಂಡು ಟರ್ಬೊ ಮಾಡಿತು. ಆ ಎಂಜಿನ್ನನ್ನು ಮರಳಿ ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಮುಂದೆ ಪಡೆದ ಪ್ಲಾಟ್‌ಫಾರ್ಮುಗಳು ಹಾಗಲ್ಲ. ಅವನ್ನು ಬಳಸಬಹುದಿತ್ತು, ಆದರೆ ಅವು ಸಾಬ್‌ನವಾಗಲಿಲ್ಲ. ನಮ್ಮ ಕೈಗಾರಿಕೆಗಳೂ ಪರವಾನಗಿಯ ಮೇಲೆ, ಜಂಟಿ ಉದ್ಯಮಗಳ ಮೂಲಕ ಹೊರಗಿನ ತಂತ್ರಜ್ಞಾನವನ್ನು ತರುತ್ತಲೇ ಇವೆ. ಒಪ್ಪಂದಕ್ಕೆ ಸಹಿ ಹಾಕುವಾಗ ಯಂತ್ರದ ಬೆಲೆಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಒಳ್ಳೆಯದು: ಕೊಟ್ಟವರು ನಾಳೆ ಬೇಡವೆಂದರೆ, ನಮ್ಮ ಕಾರ್ಖಾನೆ ಮರುದಿನ ಬೆಳಿಗ್ಗೆ ಏನನ್ನು ತಯಾರಿಸುತ್ತದೆ?